ಬೋವೀಯ ತಟ್ಟೆಗಳೂ ಕೇಳುಗರ ತೀರ್ಪೂ

ಸಂಗೀತವನ್ನು ಕುರಿತು ಅಭಿಪ್ರಾಯ ಹೇಳುವವರೆಲ್ಲ ಸಂಗೀತ ಬಲ್ಲವರೇ ಆಗಿರಬೇಕೆಂಬ ಕಟ್ಟಳೆಯಿದ್ದಿದ್ದರೆ ಲೋಕದಲ್ಲಿ ಎಷ್ಟೋ ಶಾಂತಿ ನೆಲಸಿರುತ್ತಿತ್ತು. ಈ ಲೇಖನವೂ ಹುಟ್ಟುತ್ತಿರಲಿಲ್ಲ. ನನಗೆ ಪಿಯಾನೋ ಬಾರದು, ಗಿಟಾರು ಬಾರದು, ಶ್ರುತಿ ತಪ್ಪಿದರೆ ಥಟ್ಟನೆ ಗುರುತಿಸುವಂಥ ಕಿವಿಯೂ ನನ್ನದಲ್ಲ. ನಾನು ಬರಿಯ ಕೇಳುಗ. ಆದರೆ ಇಲ್ಲಿ ನಾನು ಹೇಳಹೊರಟಿರುವುದೂ ಕೇಳುಗರ ವಿಷಯವನ್ನೇ ಆದ್ದರಿಂದ ವಾಚಕ ಮಹಾಶಯರು ಈ ಅಧಿಕಪ್ರಸಂಗವನ್ನು ಮನ್ನಿಸುವರೆಂದು ನಂಬಿದ್ದೇನೆ.

ಇಂಗ್ಲೆಂಡಿನ ಗಾಯಕ ಡೇವಿಡ್ ಬೋವೀ ೧೯೭೦ರಿಂದ ೧೯೭೯ರವರೆಗೆ ೧೧ ಆಲ್ಬಮ್‌ಗಳನ್ನು ಹೊರತಂದ. ಆಲ್ಬಮ್ ಎಂದರೆ ಆ ಕಾಲಕ್ಕೆ ಎರಡು ಬದಿಗಳುಳ್ಳ ದೊಡ್ಡ ಗ್ರಾಮಫೋನ್ ತಟ್ಟೆ; ಒಂದು ಬದಿ ಮುಗಿಯಲು ಸುಮಾರು ಇಪ್ಪತ್ತು ನಿಮಿಷ. ಈ ೧೧ ತಟ್ಟೆಗಳಲ್ಲಿ ಯಾವುದು ಮೇಲು, ಯಾವುದು ಕೀಳು ಎಂಬ ವಾದ ಅವು ಹೊರಬಂದ ದಿನಗಳಲ್ಲಿ ಮೊದಲಾದದ್ದು, ಗಾಯಕ ತೀರಿಕೊಂಡು ವರ್ಷಗಳೇ ಕಳೆದರೂ ಮುಗಿದಿಲ್ಲ. ನಮ್ಮ ಹಾಸ್ಟೆಲಿನ ಮಹಡಿಯ ಮೇಲೂ ಅದು ನಡೆದಿದೆ ಎಂದರೆ ಅದರ ವ್ಯಾಪ್ತಿಯನ್ನು ಊಹಿಸಬಹುದು. ನನ್ನ ಮಿತ್ರನೊಬ್ಬನು ಮೊದಲು ಕೇಳಿದ್ದು ೧೯೭೨ರ ‘ಜಿಗ್ಗಿ ಸ್ಟಾರ್‌ಡಸ್ಟ್’. ನಾನು ಮೊದಲು ಕೇಳಿದ್ದು ೧೯೭೭ರ ‘ಹೀರೋಸ್’ ಎಂಬ ಹಾಡು. ಅವನು ಅಲ್ಲಿಂದ ಮುಂದಕ್ಕೆ ಬಂದ, ನಾನು ಇಲ್ಲಿಂದ ಹಿಂದಕ್ಕೆ ಹೋದೆ. ದಾರಿಯಲ್ಲಿ ಎಲ್ಲಿಯೋ ಒಂದು ಕಡೆ ಇಬ್ಬರೂ ಸಂಧಿಸಿದೆವು. ಸಂಧಿಸಿದ ಕೂಡಲೇ ಜಗಳ ಪ್ರಾರಂಭವಾಯಿತು.

ಈ ಜಗಳ ನಮ್ಮಿಬ್ಬರದೇ ಅಲ್ಲ. ಬೋವೀಯ ಕೇಳುಗರಲ್ಲಿ ಹಿಂದಿನಿಂದಲೂ ಎರಡು ಪಂಗಡಗಳಿವೆ. ಮುಖಕ್ಕೆ ಬಣ್ಣ ಬಳಿದು, ಕೂದಲಿಗೆ ಕೆಂಪು ಹಚ್ಚಿ, ಮಿನುಗುವ ಉಡುಪು ತೊಟ್ಟು ೧೯೭೨ರಿಂದ ೧೯೭೪ರವರೆಗೆ ಹಾಡಿದ ಬೋವೀಯೇ ಬೋವೀ ಎನ್ನುವವರು ಒಂದು ಕಡೆ. ಆ ವೇಷವನ್ನೆಲ್ಲ ಕಳಚಿ ಬರ್ಲಿನ್ ನಗರಕ್ಕೆ ಹೋಗಿ ೧೯೭೭ರಲ್ಲಿ ‘ಲೋ’ ಮತ್ತು ‘ಹೀರೋಸ್’ ತಟ್ಟೆಗಳನ್ನು ಮಾಡಿದವನೇ ನಿಜವಾದ ಕಲಾವಿದ, ಅದಕ್ಕೆ ಹಿಂದಿನದೆಲ್ಲ ಹುಡುಗಾಟ ಎನ್ನುವವರು ಇನ್ನೊಂದು ಕಡೆ. ಈಚಿನ ವರ್ಷಗಳಲ್ಲಿ ವಿದ್ವಾಂಸರ ನಡುವೆ ಎರಡನೆಯ ಪಂಗಡದ ಕೈ ಮೇಲಾಗಿದೆ. ನಾನೂ ಮೊದಲು ಆ ಪಂಗಡದವನೇ ಆಗಿದ್ದೆ. ಈಗ ಅಲ್ಲ. ಹಾಗೆಂದು ಮೊದಲನೆಯ ಪಂಗಡಕ್ಕೆ ಹಾರಿದವನೂ ಅಲ್ಲ. ಇವರಿಬ್ಬರೂ ತಟ್ಟೆಯನ್ನು ತೂಗುತ್ತೇವೆಂದು ಹೊರಟು, ತಾವು ಅದನ್ನು ಕೇಳಿದ ವಯಸ್ಸನ್ನೂ ಹೊತ್ತನ್ನೂ ತೂಗುತ್ತಿದ್ದಾರೆ ಎಂಬುದು ನನ್ನ ಆಕ್ಷೇಪ. ಈ ತೂಕದಲ್ಲಿ ಯಾರ ವಯಸ್ಸಿಗೂ ಹೊತ್ತಿಗೂ ಒದಗದ ಒಂದೆರಡು ಒಳ್ಳೆಯ ತಟ್ಟೆಗಳು ಮೂಲೆಗೆ ಬಿದ್ದಿವೆ. ಅವುಗಳ ಪರವಾಗಿ ನಾಲ್ಕು ಮಾತು ಹೇಳಬೇಕೆಂದೇ ಲೇಖನಿ ಹಿಡಿದಿದ್ದೇನೆ.

ಮೊದಲು ವೇಷದ ವಿಚಾರ. ೧೯೭೧ರಲ್ಲಿ ಮಾರ್ಕ್ ಬೋಲನ್ ಎಂಬ ಗಾಯಕ ಕಣ್ಣಿನ ಕೆಳಗೆ ಮಿನುಗು ಹಚ್ಚಿಕೊಂಡು ಟೆಲಿವಿಷನ್ನಿನಲ್ಲಿ ಹಾಡಿದಂದಿನಿಂದ ಇಂಗ್ಲೆಂಡಿನಲ್ಲಿ ಗ್ಲ್ಯಾಮ್ ರಾಕ್ ಎಂಬ ಬೆಡಗಿನ ಸಂಗೀತ ಹಬ್ಬಿತು. ಎತ್ತರದ ಹಿಮ್ಮಡಿಯ ಬೂಟು, ಜರತಾರಿಯ ಅಂಗಿ, ಗಂಡಸರ ತುಟಿಗೆ ಬಣ್ಣ. ಅದು ಅಲ್ಲಿ ಸುಭಿಕ್ಷದ ಕಾಲವೇನೂ ಆಗಿರಲಿಲ್ಲ. ೧೯೭೨ರ ಮೊದಲಿನಲ್ಲಿ ಗಣಿ ಕೆಲಸಗಾರರ ಮುಷ್ಕರದಿಂದ ಕಲ್ಲಿದ್ದಲಿಲ್ಲದೆ ವಿದ್ಯುತ್ತು ಕಡಿತವಾಯಿತು. ೧೯೭೪ರಲ್ಲಿ ಕಾರ್ಖಾನೆಗಳು ವಾರಕ್ಕೆ ಮೂರೇ ದಿನ ನಡೆಯಬೇಕೆಂದು ಸರ್ಕಾರವೇ ಕಟ್ಟಪ್ಪಣೆ ಮಾಡಿತು. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಎಂದು ನಮ್ಮವರು ಹೇಳುವ ಮಾತನ್ನು ಅಲ್ಲಿನ ಹಿರಿಯರು ತಮ್ಮ ಭಾಷೆಯಲ್ಲಿ ಎಷ್ಟು ಬಾರಿ ಹೇಳಿರಬಹುದೋ! ಆದರೆ ನನಗೆ ಈ ಗಾದೆಯ ಮೇಲೆಯೇ ಸ್ವಲ್ಪ ಅನುಮಾನ. ಹಿಟ್ಟಿಲ್ಲದ ದಿನ ಮಲ್ಲಿಗೆಯೂ ಬೇಡವೆಂದು ತೀರ್ಮಾನಿಸುವವನು ಸಾಮಾನ್ಯವಾಗಿ ಊಟ ಮಾಡಿ ಕೈ ತೊಳೆದವನೇ ಆಗಿರುತ್ತಾನೆ.

ಜಿಗ್ಗಿ ಸ್ಟಾರ್‌ಡಸ್ಟ್ ಎಂಬುದು ಬೋವೀ ಕಲ್ಪಿಸಿಕೊಂಡ ಒಂದು ಪಾತ್ರ. ಲೋಕ ಇನ್ನು ಐದು ವರ್ಷಗಳಲ್ಲಿ ಮುಗಿಯುತ್ತದೆಂಬ ಸುದ್ದಿಯ ನಡುವೆ ಬಂದು, ಹಾಡಿ, ತನ್ನ ಅಭಿಮಾನಿಗಳಿಂದಲೇ ನಾಶವಾಗುವ ಗಾಯಕ. ೧೯೭೨ರ ಜುಲೈ ತಿಂಗಳಲ್ಲಿ ಬಿ.ಬಿ.ಸಿ.ಯ ‘ಟಾಪ್ ಆಫ್ ದಿ ಪಾಪ್ಸ್’ ಕಾರ್ಯಕ್ರಮದಲ್ಲಿ ಬೋವೀ ‘ಸ್ಟಾರ್‌ಮ್ಯಾನ್’ ಹಾಡಿದ. ಹಾಡುತ್ತ ಹಾಡುತ್ತ ತನ್ನ ಗಿಟಾರು ವಾದಕ ಮಿಕ್ ರಾನ್ಸನ್ನನ ಹೆಗಲ ಮೇಲೆ ಸಲಿಗೆಯಿಂದ ಕೈ ಹಾಕಿದ. ಇಷ್ಟೇ ಸಂಗತಿ. ಆದರೆ ಅದೇ ವರ್ಷ ಜನವರಿಯಲ್ಲಿ ಆತ ‘ಮೆಲೊಡಿ ಮೇಕರ್’ ಪತ್ರಿಕೆಗೆ ಕೊಟ್ಟ ಸಂದರ್ಶನದಲ್ಲಿ ತಾನು ಸಲಿಂಗಿಯೆಂದು ಹೇಳಿಕೊಂಡಿದ್ದ. ಗಂಡಸು ಗಂಡಸನ್ನು ಪ್ರೀತಿಸುವುದು ಇಂಗ್ಲೆಂಡಿನಲ್ಲಿ ೧೯೬೭ರವರೆಗೆ ಶಿಕ್ಷಾರ್ಹ ಅಪರಾಧವಾಗಿತ್ತು. ಆ ವರ್ಷ ಬಂದ ಕಾಯಿದೆಯೂ ಅರ್ಧ ಬಾಗಿಲನ್ನಷ್ಟೇ ತೆರೆಯಿತು. ಬೋವೀ ಮುಂದೆ ತನ್ನ ಮಾತನ್ನು ತಾನೇ ಬೇರೆ ಬೇರೆ ರೀತಿಯಾಗಿ ತಿದ್ದಿಕೊಂಡನೆಂಬುದು ನಿಜ. ಆದರೆ ಆ ಗುರುವಾರದ ಸಂಜೆ ತಾಯಿತಂದೆಯರ ಪಕ್ಕದಲ್ಲಿ ಕುಳಿತು ಅದನ್ನು ನೋಡಿದ ಹದಿಮೂರು ಹದಿನಾಲ್ಕು ವರ್ಷದ ಮಕ್ಕಳಲ್ಲಿ ಎಷ್ಟೋ ಜನ, ಲೋಕದಲ್ಲಿ ತಾವೊಬ್ಬರೇ ಅಲ್ಲವೆಂದು ಅಂದು ಮೊದಲ ಬಾರಿ ತಿಳಿದೆವೆಂದು ದೊಡ್ಡವರಾದ ಮೇಲೆ ಹೇಳಿಕೊಂಡಿದ್ದಾರೆ. ಅವರಲ್ಲಿ ಕೆಲವರು ಮುಂದೆ ತಾವೇ ಹೆಸರಾಂತ ಗಾಯಕರಾದರು. ಇವರ ಅಭಿಪ್ರಾಯವನ್ನು ‘ಹುಡುಗಾಟ’ ಎಂದು ತಳ್ಳಿಹಾಕುವುದಕ್ಕೆ ನನ್ನ ನಾಲಗೆ ಏಳುವುದಿಲ್ಲ. ಅವರಿಗೆ ಅದು ತಟ್ಟೆ ಮಾತ್ರವಾಗಿರಲಿಲ್ಲ.

ಹಾಗಾದರೆ ಜಿಗ್ಗಿಯೇ ಎಲ್ಲಕ್ಕಿಂತ ದೊಡ್ಡ ತಟ್ಟೆಯೋ ಎಂದು ನನ್ನ ಮಿತ್ರ ಹಿಗ್ಗಿ ಕೇಳುತ್ತಾನೆ. ಅಲ್ಲವಯ್ಯ! ಅದಕ್ಕೆ ಆರು ತಿಂಗಳು ಮುಂಚೆ, ೧೯೭೧ರ ಡಿಸೆಂಬರಿನಲ್ಲಿ, ಬಂದ ‘ಹಂಕಿ ಡೋರಿ’ ಹಾಡುಗಳ ಮಟ್ಟಿಗೆ ಅದಕ್ಕಿಂತ ಮೇಲೆಂದೇ ನನ್ನ ಮತ. ಕೇಳುಗರ ತೀರ್ಪು ಎಂಥ ಚಪಲವಾದದ್ದೆಂಬುದಕ್ಕೂ ಈ ತಟ್ಟೆಯೇ ಸಾಕ್ಷಿ. ಬಂದಾಗ ಅದನ್ನು ಕೊಂಡವರು ಬಹಳ ಕಡಿಮೆ. ಜಿಗ್ಗಿಯ ವೇಷ ಜನರ ಕಣ್ಣು ಸೆಳೆದ ಮೇಲೆ ಅದೇ ತಟ್ಟೆ, ಒಂದಕ್ಷರ ಒಂದು ಸ್ವರ ಬದಲಾಗದೆ, ಇಂಗ್ಲೆಂಡಿನ ಪಟ್ಟಿಯಲ್ಲಿ ೩ನೆಯ ಸ್ಥಾನಕ್ಕೆ ಏರಿತು. ಅದರಲ್ಲಿನ ‘ಲೈಫ್ ಆನ್ ಮಾರ್ಸ್’ ಎಂಬ ಹಾಡು ಬಿಡಿಯಾಗಿ ಹೊರಬಂದು ಗೆದ್ದದ್ದು ೧೯೭೩ರಲ್ಲಿ. ಆ ಹಾಡಿಗೆ ಒಂದು ಸ್ವಾರಸ್ಯವಾದ ಪೂರ್ವಕಥೆಯಿದೆ. ಒಂದು ಫ್ರೆಂಚ್ ಹಾಡಿನ ಧಾಟಿಗೆ ಬೋವೀ ಹಿಂದೆ ಇಂಗ್ಲಿಷ್ ಸಾಹಿತ್ಯ ಬರೆದುಕೊಟ್ಟಿದ್ದನಂತೆ, ಅದು ತಿರಸ್ಕೃತವಾಯಿತು. ಅದೇ ಧಾಟಿಗೆ ಪಾಲ್ ಆಂಕಾ ಬರೆದದ್ದು ‘ಮೈ ವೇ’ ಎಂಬ ಹೆಸರಿನಲ್ಲಿ ಫ್ರ್ಯಾಂಕ್ ಸಿನಾಟ್ರಾನ ಕಂಠದಿಂದ ಜಗತ್ಪ್ರಸಿದ್ಧವಾಯಿತು. ಆ ಹೊಟ್ಟೆಯುರಿಯಿಂದ ಬೋವೀ ಬರೆದ ಪ್ರತ್ಯುತ್ತರವೇ ಈ ಹಾಡು. ರಿಕ್ ವೇಕ್‌ಮನ್ ಪಿಯಾನೋ ನುಡಿಸಿದ್ದಾನೆ. ತಂತಿವಾದ್ಯಗಳ ಏರಿಳಿತವನ್ನು ಹೊಂದಿಸಿದವನು ರಾನ್ಸನ್. ಹಾಡು ಮುಗಿಯುವ ಹೊತ್ತಿಗೆ ಸ್ಟೂಡಿಯೋದ ಟೆಲಿಫೋನು ಬಾರಿಸಿದ್ದೂ ತಟ್ಟೆಯಲ್ಲಿ ಉಳಿದುಬಿಟ್ಟಿದೆ. ಮೊದಲ ಸಲ ಕೇಳಿದಾಗ ನಾನು ಎದ್ದು ಹೋಗಿ ಯಾರ ಫೋನೆಂದು ನೋಡಿ ಬಂದೆ.

೧೯೭೩ರ ‘ಅಲ್ಯಾಡಿನ್ ಸೇನ್’ ಬಗ್ಗೆ ನನಗೆ ಹೆಚ್ಚು ಹೇಳುವುದಿಲ್ಲ. ಅದರ ಹೊದಿಕೆಯ ಮೇಲಿನ ಮಿಂಚಿನ ಗೆರೆ ಬಳಿದ ಮುಖವನ್ನು, ಹಾಡನ್ನು ಕೇಳದವರೂ ಬಲ್ಲರು. ಒಳಗೆ ಮೈಕ್ ಗಾರ್ಸನ್ ನುಡಿಸಿರುವ ಪಿಯಾನೋ ಮಾತ್ರ ಅದ್ಭುತ: ಮನೆಯ ಹೆಂಚುಗಳೆಲ್ಲ ಒಂದೊಂದಾಗಿ ಜಾರುತ್ತಿರುವಂತೆ ಕೇಳುತ್ತದೆ, ಕೊನೆಗೆ ನೋಡಿದರೆ ಮನೆ ನಿಂತೇ ಇರುತ್ತದೆ. ಅದೇ ವರ್ಷದ ‘ಪಿನ್ ಅಪ್ಸ್’ ಬೇರೆಯವರ ಹಳೆಯ ಹಾಡುಗಳನ್ನು ಮತ್ತೆ ಹಾಡಿದ ತಟ್ಟೆ. ಇದು ಸಾಧಾರಣವೆಂದು ಕೇಳುಗರು ಹೇಳುತ್ತಾರೆ. ನಾನೂ ಹಾಗೆಯೇ ಹೇಳುತ್ತೇನೆ.

ಈಗ ಮೂಲೆಗೆ ಬಿದ್ದಿರುವ ಎರಡರಲ್ಲಿ ಮೊದಲನೆಯದಕ್ಕೆ ಬರುತ್ತೇನೆ. ೧೯೭೩ರ ಜುಲೈ ೩ರಂದು ಲಂಡನ್ನಿನ ಹ್ಯಾಮರ್‌ಸ್ಮಿತ್ ರಂಗಮಂದಿರದಲ್ಲಿ ಬೋವೀ ಜಿಗ್ಗಿಯ ಪಾತ್ರಕ್ಕೆ ಮಂಗಳ ಹಾಡಿದ. ತನ್ನ ವಾದ್ಯಗಾರರಲ್ಲಿ ಕೆಲವರಿಗೇ ಆ ವಿಷಯ ಮುಂಚಿತವಾಗಿ ತಿಳಿದಿರಲಿಲ್ಲ! ಮರು ವರ್ಷ ಮೇ ತಿಂಗಳಲ್ಲಿ ‘ಡೈಮಂಡ್ ಡಾಗ್ಸ್’ ಬಂತು. ಜಾರ್ಜ್ ಆರ್ವೆಲ್ಲನ ‘೧೯೮೪’ ಕಾದಂಬರಿಯನ್ನು ಸಂಗೀತ ನಾಟಕವಾಗಿ ಮಾಡಬೇಕೆಂಬುದು ಬೋವೀಯ ಮೂಲ ಆಸೆ. ಆರ್ವೆಲ್ಲನ ವಿಧವೆ ಅನುಮತಿ ಕೊಡಲಿಲ್ಲ. ಆ ನಾಟಕಕ್ಕೆಂದು ಬರೆದಿದ್ದ ಹಾಡುಗಳನ್ನೂ, ತಾನೇ ಕಲ್ಪಿಸಿದ್ದ ಒಂದು ಹಾಳು ಪಟ್ಟಣದ ಕಥೆಯನ್ನೂ ಸೇರಿಸಿ ಹೊಲಿದ. ರಾನ್ಸನ್ ಹೋಗಿಯಾಗಿತ್ತು, ಮುಖ್ಯ ಗಿಟಾರನ್ನು ಬಹುಮಟ್ಟಿಗೆ ಬೋವೀ ತಾನೇ ನುಡಿಸಿದ.

ಜಿಗ್ಗಿಯ ಪಕ್ಷದವರು ಇದರಲ್ಲಿ ರಾನ್ಸನ್ ಇಲ್ಲವೆಂದು ಕೊರಗುತ್ತಾರೆ. ಬರ್ಲಿನ್ ಪಕ್ಷದವರು ಇದರಲ್ಲಿ ವೇಷ ಇನ್ನೂ ಇದೆಯೆಂದು ಮೂಗು ಮುರಿಯುತ್ತಾರೆ. ಹೀಗೆ ಎರಡು ಮನೆಯ ನೆಂಟ ಉಪವಾಸ ಬಿದ್ದಂತಾಗಿದೆ ಈ ತಟ್ಟೆಯ ಪಾಡು. ನಾನು ಇವರನ್ನು ಕೇಳಿಕೊಳ್ಳುವುದಿಷ್ಟೇ: ‘ರೆಬೆಲ್ ರೆಬೆಲ್’ ಎಂಬ ಜನಪ್ರಿಯ ಹಾಡನ್ನು ಸದ್ಯಕ್ಕೆ ಬದಿಗಿಟ್ಟು, ಮೊದಲ ಬದಿಯಲ್ಲಿ ‘ಸ್ವೀಟ್ ಥಿಂಗ್’, ‘ಕ್ಯಾಂಡಿಡೇಟ್’, ಮತ್ತೆ ‘ಸ್ವೀಟ್ ಥಿಂಗ್’ ಎಂದು ಒಂದಕ್ಕೊಂದು ಕೊಂಡಿಯಾಗಿ ಬರುವ ಭಾಗವನ್ನು ಒಂದು ರಾತ್ರಿ ದೀಪ ಆರಿಸಿ ಕೇಳಿರಿ. ಪ್ರಾರಂಭದಲ್ಲಿ ದನಿ ಎಷ್ಟು ತಗ್ಗಿನಲ್ಲಿದೆಯೆಂದರೆ ಇದು ಆತನದೇ ದನಿಯೆ ಎಂದು ಸಂದೇಹವಾಗುತ್ತದೆ. ಅಲ್ಲಿಂದ ಮೆಟ್ಟಲು ಮೆಟ್ಟಲಾಗಿ ಏರಿ ಕೂಗಿಗೆ ಸಮೀಪವಾಗುತ್ತದೆ. ಸಾಹಿತ್ಯದ ಸಾಲುಗಳನ್ನು ಕತ್ತರಿಸಿ, ಕಲೆಸಿ, ಮತ್ತೆ ಜೋಡಿಸುವ ಉಪಾಯವನ್ನು ಬೋವೀ ವಿಲಿಯಂ ಬರೋಸ್ ಎಂಬ ಅಮೆರಿಕನ್ ಲೇಖಕನಿಂದ ಕಲಿತಿದ್ದ. ಅರ್ಥ ಪೂರ್ತಿಯಾಗಿ ಕೈಗೆ ಸಿಕ್ಕುವುದಿಲ್ಲ. ಆದರೆ ಮನುಷ್ಯ ಮನುಷ್ಯನನ್ನು ಕೊಳ್ಳುವ ಒಂದು ಬೀದಿಯಲ್ಲಿ ನಾವು ನಿಂತಿದ್ದೇವೆ, ಅಲ್ಲಿಂದ ಹೊರಡಲು ದಾರಿಯಿಲ್ಲ ಎಂಬುದು ಮಾತ್ರ ಮೈಗೆ ತಿಳಿಯುತ್ತದೆ. ಬರ್ಲಿನ್ನಿನ ತಟ್ಟೆಗಳಲ್ಲಿ ಪಂಡಿತರು ಮೆಚ್ಚುವ ಆ ಕತ್ತಲು ಮೂರು ವರ್ಷ ಮೊದಲೇ ಇಲ್ಲಿ ಬಣ್ಣ ಬಳಿದುಕೊಂಡು ಕುಳಿತಿದೆ. ಬಣ್ಣವಿದ್ದ ಮಾತ್ರಕ್ಕೆ ಅದನ್ನು ಕತ್ತಲಲ್ಲವೆಂದು ಹೇಳುವುದು ಯಾವ ನ್ಯಾಯ?

೧೯೭೫ರ ‘ಯಂಗ್ ಅಮೆರಿಕನ್ಸ್’ ತಟ್ಟೆಯಲ್ಲಿ ಆತ ಫಿಲಡೆಲ್ಫಿಯಾಕ್ಕೆ ಹೋಗಿ ಅಲ್ಲಿನ ನೀಗ್ರೋ ಸಂಗೀತಗಾರರ (ಹಳೆಯ ಪುಸ್ತಕಗಳ ಈ ಮಾತನ್ನು ಈಗ ಬಿಟ್ಟು, ಕರಿಯ ಅಮೆರಿಕನ್ನರ ಎನ್ನುವುದೇ ಸರಿ) ಸೋಲ್ ಸಂಗೀತವನ್ನು ಎತ್ತಿಕೊಂಡ. ತನ್ನದು ಪ್ಲಾಸ್ಟಿಕ್ ಸೋಲ್ ಎಂದು ತಾನೇ ಹೆಸರಿಟ್ಟ. ಆ ಪ್ರಾಮಾಣಿಕತೆಗೆ ಅರ್ಧ ಅಂಕ ಕೊಡಬಹುದು. ಜಾನ್ ಲೆನನ್ ಜೊತೆಗೂಡಿ ಮಾಡಿದ ‘ಫೇಮ್’ ಅಮೆರಿಕದಲ್ಲಿ ಮೊದಲ ಸ್ಥಾನ ಗಳಿಸಿತು. ಇಂಗ್ಲೆಂಡಿನ ಹಳೆಯ ಅಭಿಮಾನಿಗಳಲ್ಲಿ ಕೆಲವರು ಇದರಿಂದ ಮುನಿಸಿಕೊಂಡರು, ಹೊಸಬರು ಬಂದು ಸೇರಿದರು. ಈ ವೇಳೆಗೆ ಅಭಿಮಾನಿಗಳನ್ನು ಬದಲಾಯಿಸುವುದು ಆತನಿಗೆ ಅಂಗಿ ಬದಲಾಯಿಸಿದಷ್ಟು ಸಲೀಸಾಗಿತ್ತೆಂದು ತೋರುತ್ತದೆ.

‘ಸ್ಟೇಷನ್ ಟು ಸ್ಟೇಷನ್’ ವಿಷಯ ಹಾಗೆ ಸಲೀಸಾಗಿ ದಾಟುವಂಥದಲ್ಲ. ೧೯೭೬ರ ಜನವರಿಯಲ್ಲಿ ಬಂದ ಈ ತಟ್ಟೆಯಲ್ಲಿ ಆರೇ ಹಾಡುಗಳು. ರೈಲಿನ ಸದ್ದಿನಿಂದ ಮೊದಲಾಗುವ ಮೊದಲನೆಯದೇ ಹತ್ತು ನಿಮಿಷಕ್ಕೆ ಮೀರಿದ್ದು. ಲಾಸ್ ಏಂಜಲಿಸಿನಲ್ಲಿ ಕೊಕೇನಿನ ದಾಸನಾಗಿ, ಸರಿಯಾಗಿ ಉಣ್ಣದೆ ನಿದ್ರಿಸದೆ ಇದ್ದ ದಿನಗಳವು. ಆ ತಟ್ಟೆಯನ್ನು ಮಾಡಿದ ನೆನಪೇ ತನಗೆ ಬಹುಮಟ್ಟಿಗೆ ಇಲ್ಲವೆಂದು ಬೋವೀ ಮುಂದೆ ಹೇಳಿಕೊಂಡ. ಅದೇ ಕಾಲದಲ್ಲಿ ಸಂದರ್ಶನಗಳಲ್ಲಿ ಫ್ಯಾಸಿಸಮ್ಮನ್ನೂ ಹಿಟ್ಲರನನ್ನೂ ಮೆಚ್ಚುವಂಥ ಮಾತುಗಳನ್ನಾಡಿದ. ಇಂಗ್ಲೆಂಡಿನಲ್ಲಿ ಬೇರೆ ದೇಶಗಳಿಂದ ಬಂದ ಕರಿಯರನ್ನೂ ಕಂದುಬಣ್ಣದವರನ್ನೂ ಬೀದಿಯಲ್ಲಿ ಹೊಡೆಯುತ್ತಿದ್ದ ಕಾಲದಲ್ಲಿ ಆಡಿದ ಮಾತು ಅದು. ಅದೇ ೧೯೭೬ರಲ್ಲಿ ‘ರಾಕ್ ಎಗೇನ್ಸ್ಟ್ ರೇಸಿಸಮ್’ ಎಂಬ ಚಳವಳಿ ಹುಟ್ಟಲು ಎರಿಕ್ ಕ್ಲ್ಯಾಪ್ಟನ್ನನ ಮಾತು ಮುಖ್ಯ ಕಾರಣವಾದರೂ ಬೋವೀಯ ಮಾತೂ ಜನರ ಮನಸ್ಸಿನಲ್ಲಿತ್ತು. ಆತ ತರುವಾಯ ಪಶ್ಚಾತ್ತಾಪಪಟ್ಟ; ಮಾದಕ ದ್ರವ್ಯದ ಅಮಲನ್ನೂ ಹೇಳಿಕೊಂಡ.

ಈ ತಟ್ಟೆಯನ್ನೇ ಎಲ್ಲಕ್ಕಿಂತ ಮೇಲೆಂದು ಹೊಗಳುವ ಕೇಳುಗರು ಬಹಳ ಮಂದಿ ಇದ್ದಾರೆ. ಸಂಗೀತವಾಗಿ ನೋಡಿದರೆ ಅವರು ಹೇಳುವುದು ಸುಳ್ಳಲ್ಲ. ಆದರೆ ಆತನ ಕೊಕೇನನ್ನೂ ಹುಚ್ಚನ್ನೂ ಒಂದು ಬಗೆಯ ತಪಸ್ಸೆಂಬಂತೆ ವರ್ಣಿಸುವುದನ್ನು ಕೇಳಿದಾಗ ನನಗೆ ಸಹನೆ ತಪ್ಪುತ್ತದೆ. ಹಾಡು ಚೆನ್ನಾಗಿರುವುದು ಅದರಿಂದಲ್ಲ. ಕಾರ್ಲೋಸ್ ಅಲೋಮಾರ್ ಮುಂತಾದ ವಾದಕರು ಮೈಮೇಲೆ ಎಚ್ಚರವಿಟ್ಟುಕೊಂಡು ತಾಳ ಹಿಡಿದಿದ್ದರಿಂದ. ಆ ಮಾತುಗಳನ್ನು ಮರೆಯಬೇಕೆಂದು ಹೇಳುವವರಿಗೂ, ಆ ಮಾತುಗಳಿಗಾಗಿ ತಟ್ಟೆಯನ್ನು ಒಡೆಯಬೇಕೆನ್ನುವವರಿಗೂ ನಾನು ಸೇರಿದವನಲ್ಲ. ನೆನಪಿಟ್ಟುಕೊಂಡೇ ಕೇಳುತ್ತೇನೆ, ಹಾಗೆ ಕೇಳಿದಾಗ ಸುಖ ಸ್ವಲ್ಪ ಕಡಿಮೆಯಾಗುತ್ತದೆ. ಆಗಲಿ.

ಅಮೆರಿಕವನ್ನು ಬಿಟ್ಟು ಯೂರೋಪಿಗೆ ಮರಳಿದ ಮೇಲಿನ ಮೊದಲ ತಟ್ಟೆ ‘ಲೋ’. ಬಹುಪಾಲು ಫ್ರಾನ್ಸಿನ ಒಂದು ಹಳೆಯ ಬಂಗಲೆಯಲ್ಲಿ ಮಾಡಿ, ಬರ್ಲಿನ್ನಿನಲ್ಲಿ ಮುಗಿಸಿದ್ದು. ಆದರೂ ಬರ್ಲಿನ್ನಿನ ತಟ್ಟೆಯೆಂದೇ ಹೆಸರಾಯಿತು. ಬ್ರಯನ್ ಈನೋ ಜೊತೆಗಿದ್ದ. ಟೋನಿ ವಿಸ್ಕಾಂಟಿ ಬೋವೀಯೊಡನೆ ನಿರ್ಮಾಪಕನಾಗಿದ್ದ. ಮೊದಲ ಬದಿಯಲ್ಲಿ ತುಂಡು ತುಂಡಾದ ಏಳು ರಚನೆಗಳು. ಎರಡನೆಯ ಬದಿಯಲ್ಲಿ ಹಾಡೆಂದು ಹೇಳಬಹುದಾದದ್ದೇ ಇಲ್ಲ, ಯಂತ್ರವಾದ್ಯಗಳ ನಿಧಾನವಾದ ಮೋಡಗಳು. ೧೯೭೭ರ ಜನವರಿಯಲ್ಲಿ ಇದು ಹೊರಬಂದಾಗ ‘ನ್ಯೂ ಮ್ಯೂಸಿಕಲ್ ಎಕ್ಸ್‌ಪ್ರೆಸ್’ ಪತ್ರಿಕೆ ಒಂದರ ಜೊತೆಗೊಂದು ಎರಡು ವಿಮರ್ಶೆಗಳನ್ನು ಅಚ್ಚು ಮಾಡಿತು. ಚಾರ್ಲ್ಸ್ ಶಾರ್ ಮರ್ರೇ ಅದನ್ನು ಖಂಡಿಸಿದ. ಇಯಾನ್ ಮ್ಯಾಕ್‌ಡೊನಾಲ್ಡ್ ಅದನ್ನು ಎತ್ತಿಹಿಡಿದ. ಕಾಲ ಮ್ಯಾಕ್‌ಡೊನಾಲ್ಡನ ಪಕ್ಷವನ್ನು ವಹಿಸಿದೆ. ಆದರೂ ಮರ್ರೇಯ ಸಿಟ್ಟಿನ ಮೇಲೆ ನನಗೆ ಗೌರವವಿದೆ. ಕುಗ್ಗಿಹೋದ ಮನಸ್ಸೊಂದು ಬಾಗಿಲು ಹಾಕಿಕೊಂಡು ಕುಳಿತಿರುವ ಈ ಸಂಗೀತ ಕೇಳುವವನನ್ನೂ ಒಳಗೆ ಎಳೆದುಕೊಂಡು ಬಾಗಿಲು ಹಾಕುತ್ತದಲ್ಲ ಎಂದು ಹೆದರುವುದು ಕಿವುಡುತನದ ಗುರುತಲ್ಲ. ಅದನ್ನು ಸರಿಯಾಗಿ ಕೇಳಿಸಿಕೊಂಡವನೇ ಹಾಗೆ ಹೆದರುತ್ತಾನೆ. ಈಗ ಇದನ್ನು ಓದುತ್ತ, ಚಹಾ ಕುಡಿಯುತ್ತ, ನಿದ್ರೆ ಬರಲೆಂದು ಹಾಕಿಕೊಂಡು ಹೊಗಳುವ ನಮಗಿಂತ ಆತ ಅದಕ್ಕೆ ಹೆಚ್ಚು ಮರ್ಯಾದೆ ತೋರಿಸಿದನೆಂದೇ ನಾನು ಹೇಳುವೆ.

‘ಹೀರೋಸ್’ ತಟ್ಟೆಯನ್ನು ಬರ್ಲಿನ್ ಗೋಡೆಯ ಹತ್ತಿರದಲ್ಲೇ ಇದ್ದ ಹಾನ್ಸಾ ಸ್ಟೂಡಿಯೋದಲ್ಲಿ ಮಾಡಿದರು. ಹೆಸರಿನ ಹಾಡನ್ನು ಮುದ್ರಿಸಲು ವಿಸ್ಕಾಂಟಿ ಮೂರು ಮೈಕುಗಳನ್ನಿಟ್ಟ: ಒಂದು ಬಾಯಿಯ ಹತ್ತಿರ, ಇನ್ನೊಂದು ಸುಮಾರು ೨೦ ಅಡಿ ದೂರ, ಮತ್ತೊಂದು ೫೦ ಅಡಿ ದೂರ. ದನಿ ಜೋರಾದರೆ ಮಾತ್ರ ದೂರದ ಮೈಕುಗಳು ತೆರೆದುಕೊಳ್ಳುವಂತೆ ಏರ್ಪಾಟು. ಆದ್ದರಿಂದ ಹಾಡು ಮುಂದುವರಿದಂತೆಲ್ಲ ಬೋವೀ ಗಂಟಲು ಹರಿಯುವಂತೆ ಕೂಗಲೇಬೇಕಾಯಿತು. ಆ ದೊಡ್ಡ ಹಜಾರದ ಮಾರ್ದನಿಯೂ ಸೇರಿಕೊಂಡಿತು. ಗೋಡೆಯ ಬಳಿ ಸಂಧಿಸುವ ಇಬ್ಬರು ಪ್ರಣಯಿಗಳ ಹಾಡು ಇದು. ಇಂಗ್ಲೆಂಡಿನ ಪಟ್ಟಿಯಲ್ಲಿ ಬಿಡಿ ತಟ್ಟೆಯಾಗಿ ೨೪ನೆಯ ಸ್ಥಾನಕ್ಕಿಂತ ಮೇಲೇರಲಿಲ್ಲ. ಹತ್ತು ವರ್ಷದ ಮೇಲೆ, ೧೯೮೭ರ ಜೂನ್ ತಿಂಗಳಲ್ಲಿ, ಬೋವೀ ಪಶ್ಚಿಮ ಬರ್ಲಿನ್ನಿನಲ್ಲಿ ಗೋಡೆಗೆ ಸಮೀಪವಾಗಿ ಹಾಡಿದಾಗ ಆಚೆಗೆ, ಪೂರ್ವದ ಕಡೆ, ತರುಣರು ಗುಂಪು ಸೇರಿ ಕೇಳಿದರು. ಅವರಿಗೂ ಪೊಲೀಸರಿಗೂ ಘರ್ಷಣೆಯಾಯಿತು. ೧೯೮೯ರಲ್ಲಿ ಗೋಡೆ ಬಿತ್ತು. ೨೦೧೬ರಲ್ಲಿ ಬೋವೀ ತೀರಿಕೊಂಡಾಗ ಜರ್ಮನಿಯ ವಿದೇಶಾಂಗ ಇಲಾಖೆಯೇ, ಗೋಡೆ ಬೀಳಲು ನೆರವಾದುದಕ್ಕಾಗಿ ಆತನಿಗೆ ವಂದನೆ ಹೇಳಿತು. ಹಾಡಿನಿಂದ ಗೋಡೆ ಬೀಳುತ್ತದೆಯೇ ಎಂದು ರಾಜ್ಯಶಾಸ್ತ್ರದ ಮಿತ್ರರು ನಕ್ಕಾರು, ನಗಲಿ. ಆದರೆ ಒಂದು ಹಾಡಿನ ಬೆಲೆಯನ್ನು ೨೪ ಎಂಬ ಅಂಕೆಯೂ ಹೇಳುತ್ತದೆ, ಹಾಡುವವನ ಮುಖವೇ ಕಾಣದೆ ಗೋಡೆಯ ಆಚೆ ನಿಂತು ಕೇಳಿದವರೂ ಹೇಳುತ್ತಾರೆ. ಇದರಲ್ಲಿ ಯಾರನ್ನು ನಂಬಬೇಕೆಂಬುದರಲ್ಲಿ ನನಗೆ ಸಂದೇಹವಿಲ್ಲ.

ಇನ್ನು ಉಳಿದದ್ದು ೧೯೭೯ರ ಮೇ ತಿಂಗಳ ‘ಲಾಡ್ಜರ್’, ಮೂಲೆಗೆ ಬಿದ್ದ ಎರಡನೆಯದು. ನನ್ನ ಮಿತ್ರನಿಗೂ ನನಗೂ ಮಾತು ಬಿಡುವಷ್ಟು ಜಗಳವಾದದ್ದು ಇದರ ಮೇಲೆಯೇ. ಬರ್ಲಿನ್ನಿನ ಮೂರು ತಟ್ಟೆಗಳೆಂದು ಹೇಳುವಾಗ ಇದನ್ನೂ ಲೆಕ್ಕಕ್ಕೆ ಹಿಡಿಯುತ್ತಾರೆ, ಮಾಡಿದ್ದು ಸ್ವಿಟ್ಸರ್ಲೆಂಡಿನಲ್ಲಿ ಮತ್ತು ನ್ಯೂಯಾರ್ಕಿನಲ್ಲಿ. ಹಿಂದಿನ ಎರಡರಲ್ಲಿದ್ದ ಆ ಗಂಭೀರವಾದ, ಮಾತಿಲ್ಲದ ಸಂಗೀತ ಇಲ್ಲಿ ಒಂದೂ ಇಲ್ಲ; ಆದ್ದರಿಂದ ಬರ್ಲಿನ್ ಪಕ್ಷದವರಿಗೆ ಹಗುರವಾಗಿ ಕಂಡಿತು. ಜಿಗ್ಗಿಯ ಪಕ್ಷದವರು ಅಷ್ಟು ಹೊತ್ತಿಗೆ ಕೇಳುವುದನ್ನೇ ಬಿಟ್ಟಿದ್ದರು. ಒಂದು ಹಾಡಿನಲ್ಲಿ ವಾದಕರು ತಮ್ಮ ತಮ್ಮ ವಾದ್ಯಗಳನ್ನು ಅದಲುಬದಲು ಮಾಡಿಕೊಂಡು ಬಾರದ್ದನ್ನು ನುಡಿಸಿದ್ದಾರೆ. ಇನ್ನೊಂದನ್ನು ಹಳೆಯ ಹಾಡೊಂದನ್ನು ತಿರುಗುಮುರುಗಾಗಿ ಓಡಿಸಿ ಅದರಿಂದ ಕಟ್ಟಿದ್ದಾರೆ. ಇದೆಲ್ಲ ಬರಿಯ ಚೇಷ್ಟೆ ಎಂಬುದು ಮಿತ್ರನ ವಾದ. ಚೇಷ್ಟೆ ಹೌದು. ತಟ್ಟೆಯ ಧ್ವನಿಮಿಶ್ರಣವೂ ಮಂಕಾಗಿತ್ತು. ವಿಸ್ಕಾಂಟಿಗೇ ಅದು ತೃಪ್ತಿ ಕೊಡದೆ, ೨೦೧೭ರಲ್ಲಿ ಹೊರಬಂದ ಸಂಪುಟಕ್ಕಾಗಿ ಪೂರ್ತಿ ಹೊಸದಾಗಿ ಮಿಶ್ರಣ ಮಾಡಿದ. ಇಷ್ಟನ್ನೂ ಒಪ್ಪುತ್ತೇನೆ.

ಆದರೆ ಎರಡನೆಯ ಬದಿಯಲ್ಲಿ ‘ರಿಪಿಟಿಷನ್’ ಎಂಬ ಒಂದು ಪುಟ್ಟ ಹಾಡಿದೆ. ಕೆಲಸದಿಂದ ಮನೆಗೆ ಬಂದು ಹೆಂಡತಿಯನ್ನು ಹೊಡೆಯುವ ಒಬ್ಬ ಸಾಧಾರಣ ಗಂಡಸಿನ ಕಥೆ. ಬೇರೆ ಯಾವ ಗಾಯಕನಾದರೂ ಇಲ್ಲಿ ದನಿಯನ್ನು ನಡುಗಿಸುತ್ತಿದ್ದ, ಇಲ್ಲವೆ ಗುಡುಗುತ್ತಿದ್ದ. ಹಾಗೆ ನಡುಗಿಸುವುದೂ ಗುಡುಗುವುದೂ ಬೋವೀಗೆ ಬರುತ್ತಿರಲಿಲ್ಲವೆ? ‘ಹೀರೋಸ್’ ಕೇಳಿದವರಿಗೆ ಆ ಅನುಮಾನ ಬಾರದು. ಇಲ್ಲಿ ಆತ ದಿನಸಿಯ ಚೀಟಿ ಓದುವಂತೆ ಸಪ್ಪೆಯಾಗಿ ಹೇಳುತ್ತಾನೆ; ಹಿಂದಿನ ವಾದ್ಯ ತಡವರಿಸಿಕೊಂಡು ಒಂದೇ ಕಡೆ ಸುತ್ತುತ್ತದೆ. ವೇಷವಿಲ್ಲ, ಬಾಹ್ಯಾಕಾಶವಿಲ್ಲ, ಗೋಡೆಯಿಲ್ಲ, ಪ್ರಣಯಿಗಳಿಲ್ಲ. ಪಕ್ಕದ ಮನೆಯ ಗೋಡೆಗೆ ಕಿವಿಯಿಟ್ಟಂತೆ ಆಗುತ್ತದೆ, ಅಷ್ಟೆ. ಕೇಳಿಸಿಕೊಂಡೂ ಸುಮ್ಮನಿರುವ ಪಕ್ಕದ ಮನೆಯವರಲ್ಲಿ ನಾನೂ ಒಬ್ಬನೆಂಬುದು ಆಮೇಲೆ ನೆನಪಾಗುತ್ತದೆ. ಆ ಹತ್ತು ವರ್ಷಗಳ ಎಲ್ಲ ತಟ್ಟೆಗಳಲ್ಲಿ ನನ್ನನ್ನು ಹೆಚ್ಚು ಕಾಡಿದ್ದು ಈ ಮೂರು ನಿಮಿಷ. ಮೇಲುಕೀಳಿನ ಪಟ್ಟಿ ಮಾಡುವವರು ಇದರ ಹೆಸರೆತ್ತುವುದೇ ಅಪೂರ್ವ.

ಅಮೆರಿಕದ ಸಂಗೀತರಚನಕಾರ ಫಿಲಿಪ್ ಗ್ಲಾಸ್ ‘ಲೋ’ ತಟ್ಟೆಯನ್ನು ಆಧರಿಸಿ ೧೯೯೨ರಲ್ಲಿ, ‘ಹೀರೋಸ್’ ಆಧರಿಸಿ ೧೯೯೬ರಲ್ಲಿ ವಾದ್ಯವೃಂದಕ್ಕಾಗಿ ಸಿಂಫನಿಗಳನ್ನು ಬರೆದ. ‘ಲಾಡ್ಜರ್’ ಸಿಂಫನಿ ಲಾಸ್ ಏಂಜಲಿಸಿನಲ್ಲಿ ಮೊದಲು ಪ್ರದರ್ಶಿತವಾದದ್ದು ೨೦೧೯ರಲ್ಲಿ. ಮೂರನೆಯದಕ್ಕೆ ಇಪ್ಪತ್ತಮೂರು ವರ್ಷ ಹಿಡಿಯಿತೆಂದಾಗ ಮಿತ್ರ, ‘ನೋಡಿದೆಯಾ, ಗ್ಲಾಸನಿಗೂ ಅದು ಬೇಕೋ ಬೇಡವೋ ಎಂದು ಅನುಮಾನವಿತ್ತು’ ಎಂದ. ‘ಅಲ್ಲವೋ, ಅದು ಕಿವಿಗೆ ಇಳಿಯಲು ಅಷ್ಟು ಕಾಲ ಬೇಕಾಯಿತು’ ಎಂದೆ ನಾನು. ಅಡಿಗೆಯವರು ಊಟದ ಗಂಟೆ ಬಾರಿಸಿದ್ದರಿಂದ ಅಂದಿನ ಸಭೆ ಮುಂದಕ್ಕೆ ಹೋಯಿತು.

ಸದ್ಯಕ್ಕೆ ಒಂದು ಕರಾರಾಗಿದೆ. ಅವನು ‘ಲಾಡ್ಜರ್’ ತಟ್ಟೆಯ ಎರಡನೆಯ ಬದಿಯನ್ನು ನಡುವೆ ಮಾತನಾಡದೆ ಕೇಳತಕ್ಕದ್ದು. ಅದಕ್ಕೆ ಪ್ರತಿಯಾಗಿ ನಾನು ‘ಪಿನ್ ಅಪ್ಸ್’ ಪೂರ್ತಿಯಾಗಿ ಇನ್ನೊಮ್ಮೆ ಕೇಳತಕ್ಕದ್ದು. ಪರೀಕ್ಷೆ ಮುಗಿದ ಮರುದಿನ ಸಂಜೆಯೆಂದು ಗೊತ್ತುಮಾಡಿದ್ದೇವೆ. ಕೇಳಬಯಸುವ ಮಿತ್ರರೂ ಅಧ್ಯಾಪಕರೂ ಬರಬಹುದು. ನೆಲದ ಮೇಲೆ ಕುಳಿತುಕೊಳ್ಳಬೇಕಾಗುತ್ತದೆ.